ಭಾಷಣ ಬೇಡ, ಫೋನ್ ಸಾಕು

ನಮಸ್ಕಾರ. ಅಮೆರಿಕದ ರಾಜಕೀಯ, ಸುದ್ದಿಮನೆ ಬಗ್ಗೆ ಒಳ್ಳೆಯ ಸಿನಿಮಾ ಹೇಳಿ ಅಂದರೆ ಬಹಳ ಜನ ಥಟ್ಟನೆ ಹೇಳುವುದು 1976ರ 'ನೆಟ್‌ವರ್ಕ್'. ವಾರ್ತೆ ಓದುವವನು ಕ್ಯಾಮೆರಾ ಮುಂದೆಯೇ ರೊಚ್ಚಿಗೆದ್ದು ಕಿರುಚುತ್ತಾನೆ, ಜನ ಕಿಟಕಿ ತೆಗೆದು ಅವನ ಜೊತೆ ಕೂಗುತ್ತಾರೆ. ಆ ಪಾತ್ರ ಮಾಡಿದ ಪೀಟರ್ ಫಿಂಚ್‌ಗೆ ತೀರಿಕೊಂಡ ಮೇಲೆ ಆಸ್ಕರ್ ಬಂತು. ನಟನೆ ಬಗ್ಗೆ ತಕರಾರಿಲ್ಲ. ಆದರೆ ನನ್ನ ಓಟು ಅದೇ ವರ್ಷದ 'ಆಲ್ ದ ಪ್ರೆಸಿಡೆಂಟ್ಸ್ ಮೆನ್'ಗೆ.

1972ರಲ್ಲಿ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕಳ್ಳರು ನುಗ್ಗಿದ್ದರ ಹಿಂದೆ ಅಧ್ಯಕ್ಷ ನಿಕ್ಸನ್ ಕಡೆಯವರಿದ್ದರು ಅನ್ನುವುದನ್ನು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ವುಡ್‌ವರ್ಡ್, ಬರ್ನ್‌ಸ್ಟೀನ್ ಎಂಬ ಇಬ್ಬರು ವರದಿಗಾರರು ಬಯಲಿಗೆಳೆದ ಕಥೆ ಅದು. ನನ್ನ ಓಟು ಅದಕ್ಕೆ ಯಾಕೆ ಗೊತ್ತಾ? ಅದರಲ್ಲಿ ಯಾರೂ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಉದ್ದುದ್ದ ಭಾಷಣ ಬಿಗಿಯುವುದಿಲ್ಲ. ಸುಮ್ನೆ ಫೋನ್ ಮಾಡುತ್ತಾ ಇರುತ್ತಾರೆ.

ಒಂದು ದೃಶ್ಯ ನೋಡಿ. ವಾಟರ್‌ಗೇಟ್‌ನಲ್ಲಿ ಸಿಕ್ಕಿಬಿದ್ದವನೊಬ್ಬನ ಬ್ಯಾಂಕ್ ಖಾತೆಗೆ 25,000 ಡಾಲರ್ ಚೆಕ್ ಹೋಗಿದೆ. ಚೆಕ್ ಮೇಲೆ ಕೆನೆತ್ ಡಾಲ್‌ಬರ್ಗ್ ಅನ್ನುವ ಹೆಸರು, ಆತ ನಿಕ್ಸನ್ ಚುನಾವಣೆಗೆ ಹಣ ಎತ್ತುತ್ತಿದ್ದವ. ವುಡ್‌ವರ್ಡ್ ಪಾತ್ರದ ರಾಬರ್ಟ್ ರೆಡ್‌ಫೋರ್ಡ್ ಆತನಿಗೆ ಫೋನ್ ಹಚ್ಚುತ್ತಾನೆ. ಸುಮಾರು ಆರು ನಿಮಿಷ, ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಹಿಂದೆ ಸಹೋದ್ಯೋಗಿಗಳು ಟಿವಿ ಮುಂದೆ ಗುಂಪುಗೂಡಿದ್ದಾರೆ. ಕ್ಯಾಮೆರಾ ನಿಧಾನವಾಗಿ ಮುಖದ ಹತ್ತಿರ ಬರುತ್ತದೆ. ಮಧ್ಯೆ ರೆಡ್‌ಫೋರ್ಡ್ ಒಂದು ಹೆಸರು ತಪ್ಪು ಹೇಳಿ, ತಡವರಿಸಿ, ಸರಿ ಮಾಡಿಕೊಂಡು ಮುಂದುವರಿಯುತ್ತಾನೆ. ನಿರ್ದೇಶಕ ಅಲನ್ ಪಾಕುಲಾ ಅದನ್ನು ಹಾಗೇ ಇಟ್ಟುಕೊಂಡರು. ಒಳ್ಳೆಯದೇ ಆಯಿತು. ದೊಡ್ಡ ಸುದ್ದಿಯ ಬಾಲ ಕೈಗೆ ಸಿಕ್ಕಾಗ ನಾಲಿಗೆ ತೊದಲಲೇಬೇಕು, ಅಲ್ವಾ?

ಇನ್ನೂ ಜಾಸ್ತಿ ಇಷ್ಟವಾಗುವುದು ಅವರು ಎಡವುವ ಜಾಗ. ಬರ್ನ್‌ಸ್ಟೀನ್ ಫೋನ್‌ನಲ್ಲಿ ಒಬ್ಬ ಸರ್ಕಾರಿ ವಕೀಲನಿಗೆ ಹೇಳುತ್ತಾನೆ: ಹತ್ತರವರೆಗೆ ಎಣಿಸುತ್ತೇನೆ, ಸುದ್ದಿ ತಪ್ಪಿದ್ದರೆ ಅಷ್ಟರೊಳಗೆ ಫೋನ್ ಇಟ್ಟುಬಿಡಿ. ಆತ ಇಡುವುದಿಲ್ಲ. ಸುದ್ದಿ ಅಚ್ಚಾಗುತ್ತದೆ. ಆಮೇಲೆ ಆ ಸುದ್ದಿಗೆ ಆಧಾರವಾದ ಸಾಕ್ಷಿದಾರನ ವಕೀಲ ಟಿವಿಯಲ್ಲಿ ಬಂದು, ನಮ್ಮ ಕಕ್ಷಿದಾರ ಹಾಗೆ ಸಾಕ್ಷಿ ಹೇಳೇ ಇಲ್ಲ ಅಂತಾನೆ. ನಿಕ್ಸನ್ ರಾಜೀನಾಮೆಯ ಸಂಭ್ರಮಕ್ಕೆ ಸಿನಿಮಾ ಕಾಯುವುದಿಲ್ಲ. ಟಿವಿಯಲ್ಲಿ ನಿಕ್ಸನ್ ಎರಡನೇ ಸಲ ಪ್ರಮಾಣ ವಚನ ತೆಗೆದುಕೊಳ್ಳುತ್ತಿರುತ್ತಾರೆ, ಹಿಂದೆ ಇವರಿಬ್ಬರು ಟೈಪ್ ಮಾಡುತ್ತಿರುತ್ತಾರೆ. ಉಳಿದದ್ದೆಲ್ಲ ಟೆಲಿಪ್ರಿಂಟರ್‌ನ ಒಂದಷ್ಟು ಸಾಲಿನಲ್ಲಿ ಮುಗಿಯುತ್ತದೆ.

ಈಗ 2017ರ 'ದ ಪೋಸ್ಟ್'ಗೆ ಬನ್ನಿ. ವಿಷಯ ದೊಡ್ಡದು: 1971ರ ಪೆಂಟಗನ್ ಪೇಪರ್ಸ್, ಅಂದರೆ ವಿಯೆಟ್ನಾಂ ಯುದ್ಧದ ಬಗ್ಗೆ ಸೋರಿಕೆಯಾದ ಸರ್ಕಾರಿ ರಹಸ್ಯ ದಾಖಲೆಗಳು, ಸುಪ್ರೀಂ ಕೋರ್ಟ್‌ನಲ್ಲಿ ಪತ್ರಿಕೆಗಳ ಪರ 6-3 ತೀರ್ಪು. 'ವಾಷಿಂಗ್ಟನ್ ಪೋಸ್ಟ್' ಒಡತಿ ಕ್ಯಾಥರೀನ್ ಗ್ರಹಾಂಗೆ ಇಲ್ಲಿ ಕೊನೆಗೂ ಜಾಗ ಸಿಕ್ಕಿದೆ. 1976ರ ಸಿನಿಮಾದಲ್ಲಿ ಆಕೆಯ ಪಾತ್ರವೇ ಇರಲಿಲ್ಲ, ಅದು ನಿಜಕ್ಕೂ ಅನ್ಯಾಯ. ಆದರೆ ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ನಮ್ಮ ಮೇಲೆ ನಂಬಿಕೆ ಕಡಿಮೆ. ಗ್ರಹಾಂ ಪಾತ್ರದ ಮೆರಿಲ್ ಸ್ಟ್ರೀಪ್ ಕೋರ್ಟ್ ಮೆಟ್ಟಿಲು ಇಳಿದು ಬರುವಾಗ ಎರಡೂ ಕಡೆ ಹೆಣ್ಣುಮಕ್ಕಳು ನಿಂತು ಕಣ್ಣರಳಿಸಿ ನೋಡುತ್ತಾರೆ. ಪಾಯಸಕ್ಕೆ ಮೇಲಿಂದ ಇನ್ನೊಂದು ಮುಷ್ಟಿ ಸಕ್ಕರೆ ಸುರಿದ ಹಾಗೆ.

ಟಿವಿ ಸುದ್ದಿ ಬಗ್ಗೆಯಾದರೆ 'ನೆಟ್‌ವರ್ಕ್'ಗಿಂತ ನನ್ನನ್ನು ಕಾಡಿದ್ದು 1987ರ 'ಬ್ರಾಡ್‌ಕಾಸ್ಟ್ ನ್ಯೂಸ್'. ಸಂದರ್ಶನದಲ್ಲಿ ಹೆಣ್ಣುಮಗಳೊಬ್ಬಳು ತನ್ನ ಮೇಲಾದ ಅತ್ಯಾಚಾರದ ಬಗ್ಗೆ ಹೇಳುತ್ತಾಳೆ, ವರದಿಗಾರನ ಕಣ್ಣಲ್ಲಿ ನೀರು. ಆಮೇಲೆ ನಿರ್ಮಾಪಕಿಗೆ ಗೊತ್ತಾಗುತ್ತದೆ: ಅಲ್ಲಿದ್ದದ್ದು ಒಂದೇ ಕ್ಯಾಮೆರಾ! ಅಂದರೆ ಆ ಕಣ್ಣೀರನ್ನು ಆಮೇಲೆ ಬೇರೆಯಾಗಿ ಶೂಟ್ ಮಾಡಿದ್ದಾರೆ. ಕಿರುಚುವವನನ್ನು ದೂರದಿಂದಲೇ ಗುರುತು ಹಿಡಿಯಬಹುದು. ನಯವಾಗಿ ಅಳುವವನನ್ನು ಹಿಡಿಯುವುದು ಕಷ್ಟ.

ಇವುಗಳಲ್ಲಿ ಎರಡನ್ನು ಒಟ್ಟಿಗೆ ನೋಡುವುದಾದರೆ 'ದ ಪೋಸ್ಟ್' ಮೊದಲು ಹಾಕಿ. ಅದು ಮುಗಿಯುವುದೇ ವಾಟರ್‌ಗೇಟ್ ಕಟ್ಟಡಕ್ಕೆ ಕಳ್ಳರು ನುಗ್ಗಿದ ರಾತ್ರಿಯಲ್ಲಿ. ಕ್ರೆಡಿಟ್ಸ್ ಬರುತ್ತಿದ್ದಂತೆ 'ಆಲ್ ದ ಪ್ರೆಸಿಡೆಂಟ್ಸ್ ಮೆನ್' ಶುರು ಮಾಡಿ.