ಕಿತ್ತಳೆ ಹಣ್ಣಿನೊಳಗೆ ಕೈಬಾಂಬ್

ಕೇಳುಗರಿಗೆ ನಮಸ್ಕಾರ.

ಜೆರುಸಲೇಮಿನ ಹಳೆಯ ನಗರದ ಕೋಟೆ ದಾಟಿ ಸ್ವಲ್ಪ ನಡೆದರೆ ರಷ್ಯನ್ ಕಾಂಪೌಂಡ್ ಎಂಬ ಆವರಣ ಸಿಗುತ್ತದೆ. ಅಲ್ಲಿನ ಒಂದು ಕಲ್ಲಿನ ಕಟ್ಟಡದ ಬಾಗಿಲ ಮೇಲೆ ಇಂದಿಗೂ ರಷ್ಯನ್ ಅಕ್ಷರಗಳಿವೆ. 1860ರ ದಶಕದಲ್ಲಿ ತೀರ್ಥಯಾತ್ರೆಗೆ ಬರುತ್ತಿದ್ದ ರಷ್ಯಾದ ಹೆಂಗಸರಿಗೆಂದು ಕಟ್ಟಿಸಿದ ಛತ್ರ ಅದು. ಮೊದಲ ಮಹಾಯುದ್ಧದಲ್ಲಿ ತುರ್ಕರಿಂದ ಊರನ್ನು ಕಸಿದುಕೊಂಡ ಬ್ರಿಟಿಷರು ಅದನ್ನು ಸೆರೆಮನೆ ಮಾಡಿದರು. ಈಗ ಅದು ಭೂಗತ ಹೋರಾಟದ ಕೈದಿಗಳ ವಸ್ತುಸಂಗ್ರಹಾಲಯ.

ಬ್ರಿಟಿಷ್ ಆಡಳಿತದ ವಿರುದ್ಧ ಗುಟ್ಟಾಗಿ ಆಯುಧ ಹಿಡಿದ ಯೆಹೂದಿ ತರುಣರಲ್ಲಿ ಅನೇಕರು ಇಲ್ಲಿನ ಕೋಣೆಗಳಲ್ಲಿದ್ದರು. ಇರ್ಗುನ್ ಮತ್ತು ಲೆಹಿ ಎಂಬವು ಆ ಕಾಲದ ಉಗ್ರ ಸಂಘಟನೆಗಳು. ಒಂದೊಂದು ಕೋಣೆಯನ್ನೂ ನೋಡುತ್ತ ಸಾಗಿದವರು ನೇಣುಗಂಬದ ಪಕ್ಕದ ಮರಣದಂಡಿತರ ಕೋಣೆಯ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತಾರೆ.

1947ರ ಏಪ್ರಿಲ್‌ನಲ್ಲಿ ಅಲ್ಲಿದ್ದವರು ಇಬ್ಬರು. ಮೇಯಿರ್ ಫೈನ್‌ಸ್ಟೈನ್ ಜೆರುಸಲೇಮಿನಲ್ಲೇ ಹುಟ್ಟಿದವನು, ಹತ್ತೊಂಬತ್ತರ ಪ್ರಾಯ. ಹಿಂದೆ ಬ್ರಿಟಿಷ್ ಸೇನೆಯಲ್ಲೇ ದುಡಿದಿದ್ದ. ರೈಲು ನಿಲ್ದಾಣಕ್ಕೆ ಬಾಂಬ್ ಇಟ್ಟ ಪ್ರಕರಣದಲ್ಲಿ ಗುಂಡೇಟು ತಿಂದು ಒಂದು ಕೈ ಕಳೆದುಕೊಂಡಿದ್ದ. ಇನ್ನೊಬ್ಬ ಮೋಶೆ ಬರಜಾನಿ, ಬಾಗ್ದಾದಿನಲ್ಲಿ ಹುಟ್ಟಿದವನು. ಜೇಬಿನಲ್ಲಿ ಕೈಬಾಂಬ್ ಸಿಕ್ಕಿದ್ದಕ್ಕೆ ಗಲ್ಲುಶಿಕ್ಷೆ. ಫೈನ್‌ಸ್ಟೈನ್ ಇರ್ಗುನ್, ಬರಜಾನಿ ಲೆಹಿ.

ಸಹಕೈದಿಗಳು ಕಿತ್ತಳೆ ಹಣ್ಣಿನ ತಿರುಳು ತೆಗೆದು, ಸಿಪ್ಪೆಯೊಳಗೆ ಕೈಬಾಂಬ್ ಅಡಗಿಸಿ ಇವರಿಗೆ ತಲುಪಿಸಿದರು. ಗಲ್ಲಿಗೇರಿಸಲು ಬಂದವರ ಮೇಲೆ ಒಂದನ್ನೆಸೆದು, ಇನ್ನೊಂದರಿಂದ ತಾವು ಸಾಯುವುದು ಲೆಕ್ಕಾಚಾರ. ಆದರೆ ಕೊನೆಯ ಪ್ರಾರ್ಥನೆಗೆಂದು ಬಂದ ರಬ್ಬಿ, ಅಂದರೆ ಯೆಹೂದಿ ಗುರು, ಕಡೆಯ ಗಳಿಗೆಯಲ್ಲೂ ಜೊತೆಗಿರುತ್ತೇನೆ ಎಂದುಬಿಟ್ಟರು. ಬೇಡವೆಂದು ಹುಡುಗರು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕಾರಣವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬಾಂಬ್ ಎಸೆದರೆ ಗುರುವೂ ಸಾಯುತ್ತಾರೆ. ಏಪ್ರಿಲ್ 21ರ ರಾತ್ರಿ, ನೇಣಿಗೆ ಕೆಲವೇ ಗಂಟೆ ಇರುವಾಗ, ಇಬ್ಬರೂ ತಬ್ಬಿಕೊಂಡು ನಡುವೆ ಕೈಬಾಂಬ್ ಸಿಡಿಸಿಕೊಂಡರು.

ಅದಕ್ಕೂ ಮೊದಲು ಫೈನ್‌ಸ್ಟೈನ್ ತನ್ನ ಬೈಬಲನ್ನು ಬ್ರಿಟಿಷ್ ಕಾವಲುಗಾರನಿಗೆ ಕೊಟ್ಟಿದ್ದ. ಅವನಿಗೂ ಪೆಟ್ಟಾಗದಿರಲೆಂದು ಅಲ್ಲಿಂದ ದೂರ ಕಳಿಸಿದ್ದ ಎನ್ನುತ್ತಾರೆ. 2007ರಲ್ಲಿ ಕಾವಲುಗಾರನ ಮಗ ಆ ಪುಸ್ತಕವನ್ನು ಫೈನ್‌ಸ್ಟೈನ್ ಬಂಧುಗಳಿಗೆ ಹಿಂದಿರುಗಿಸಿದ.

ಇಷ್ಟು ಕೇಳಿದರೆ ಯಾರ ಮನಸ್ಸಾದರೂ ಕರಗುತ್ತದೆ. ನನ್ನದೂ ಕರಗಿತು. ಆದರೂ ಒಂದು ತಕರಾರಿದೆ. ಗುರುವಿನ ಜೀವ ಉಳಿಸಿದ ಫೈನ್‌ಸ್ಟೈನನ ಸಂಘಟನೆಯೇ 1946ರ ಜುಲೈನಲ್ಲಿ ಇದೇ ಊರಿನ ಕಿಂಗ್ ಡೇವಿಡ್ ಹೋಟೆಲನ್ನು ಸ್ಫೋಟಿಸಿತು. ಅಲ್ಲಿ ಸತ್ತವರು 91 ಮಂದಿ: ಬ್ರಿಟಿಷರು, ಅರಬರು, ಯೆಹೂದಿಗಳು. ಈ ಸೆರೆಮನೆಯಲ್ಲಿ ಅರಬ್ ಕೈದಿಗಳೂ ಇದ್ದರು. ಅವರ ಕಥೆ ಕೇಳಬೇಕೆಂದರೆ ಬೇರೆಲ್ಲೋ ಹುಡುಕಬೇಕು. ಸಂಗ್ರಹಾಲಯ ನಡೆಸುವುದು ಇಸ್ರೇಲಿನ ರಕ್ಷಣಾ ಸಚಿವಾಲಯ. ಯಾರ ಮನೆಯ ಗೋಡೆಯ ಮೇಲಾದರೂ ಆ ಮನೆಯವರ ಚಿತ್ರವೇ ಇರುತ್ತದೆ ತಾನೆ?

ಇರ್ಗುನ್ ಮುಖ್ಯಸ್ಥನಾಗಿದ್ದ ಮೆನಾಹೆಮ್ ಬೆಗಿನ್ ಮುಂದೆ ಇಸ್ರೇಲಿನ ಪ್ರಧಾನಿಯಾದರು, ಈಜಿಪ್ಟಿನೊಡನೆ ಶಾಂತಿ ಒಪ್ಪಂದಕ್ಕೂ ಸಹಿ ಹಾಕಿದರು. 1992ರಲ್ಲಿ ತೀರಿಕೊಂಡಾಗ ದೇಶದ ಗಣ್ಯರ ಸ್ಮಶಾನ ಅವರಿಗೆ ಬೇಕಿರಲಿಲ್ಲ. ಅವರ ಇಚ್ಛೆಯಂತೆ ಆಲಿವ್ ಬೆಟ್ಟದಲ್ಲಿ, ಈ ಇಬ್ಬರು ಹುಡುಗರ ಸಮೀಪವೇ ಮಣ್ಣು ಮಾಡಿದರು.