ಹಸಿರು ಚಹಾ, ಮರೆವು ಮತ್ತು ಮಿದುಳು

ಕೇಳುಗರಿಗೆ ನಮಸ್ಕಾರ.

ಹಸಿರು ಚಹಾ ಕುಡಿದರೆ ಮರೆವು ಹತ್ತಿರ ಸುಳಿಯುವುದಿಲ್ಲ ಎಂಬ ಮಾತು ಬಹಳ ಓಡಾಡುತ್ತಿದೆ. ಅದಕ್ಕೆ ಆಧಾರವಿದೆ. ಆದರೆ ಮಾತು ಆಧಾರಕ್ಕಿಂತ ತುಂಬ ಮುಂದೆ ಹೋಗಿಬಿಟ್ಟಿದೆ.

ಹಸಿರು ಚಹಾಕ್ಕೆಂದು ಕಿತ್ತ ಎಲೆಯನ್ನು ಕೂಡಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿದರೆ, ಅದನ್ನು ಕಪ್ಪಾಗಿಸುವ ಕಿಣ್ವ ಸತ್ತು ಕೆಟೆಚಿನ್ ಎಂಬ ಪಾಲಿಫಿನಾಲ್‌ಗಳು, ಅಂದರೆ ಸಸ್ಯಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳು, ಉಳಿಯುತ್ತವೆ. ಇವುಗಳಲ್ಲಿ ಹೆಚ್ಚಿನ ಪಾಲು ಇಜಿಸಿಜಿ ಎಂಬ ಕೆಟೆಚಿನ್‌ನದು. ಮರೆವು ತರುವ ಆಲ್ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕುಗಳು ಎಳೆಎಳೆಯಾಗಿ ಹೆಣೆದುಕೊಂಡು ನರಕೋಶಗಳ ನಡುವೆ ಗಟ್ಟಿಕಟ್ಟುತ್ತವೆ. ಪ್ರಯೋಗನಳಿಕೆಯಲ್ಲಿ ಇಜಿಸಿಜಿ ಈ ತುಣುಕುಗಳಿಗೆ ಅಂಟಿಕೊಂಡು ಹೆಣಿಗೆಯನ್ನೇ ದಾರಿ ತಪ್ಪಿಸುತ್ತದೆ. ನಿಜಕ್ಕೂ ಸೊಗಸಾದ ಫಲಿತಾಂಶವಿದು.

ತೊಡಕಿರುವುದು ಹೊಟ್ಟೆಯಲ್ಲಿ. ಕುಡಿದ ಇಜಿಸಿಜಿಯಲ್ಲಿ ಅತ್ಯಲ್ಪ ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಮಿದುಳು ಮುಟ್ಟುವುದು ಇನ್ನೂ ಕಡಿಮೆ. 2006ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು 70 ದಾಟಿದ ಸಾವಿರ ಮಂದಿಯನ್ನು ಪರೀಕ್ಷಿಸಿತು. ಹಸಿರು ಚಹಾವನ್ನು ದಿನಕ್ಕೆ ಎರಡು ಕಪ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರಲ್ಲಿ ಗ್ರಹಣಶಕ್ತಿಯ ಕುಂದು ಕಡಿಮೆಯಿತ್ತು. ಆದರೆ ಅದು ಒಂದೇ ಹೊತ್ತಿನ ಚಿತ್ರ. ಚಹಾದಿಂದ ಮಿದುಳು ಚುರುಕಾಗಿ ಉಳಿಯಿತೋ, ಚುರುಕಾಗಿದ್ದವರೇ ಹೆಚ್ಚು ಚಹಾ ಕುಡಿದರೋ ಎಂಬುದು ಅದರಿಂದ ತೀರ್ಮಾನವಾಗದು.

ಹಾಗಾಗಿ ಕುಡಿಯಿರಿ, ಔಷಧಿಯೆಂದಲ್ಲ. 200 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ ಸಾಕು. ನೀರು ಕುದಿದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು ನಾಲ್ಕೈದು ನಿಮಿಷ ಬಿಡಿ. ಶಾಖ ಸುಮಾರು 80 ಡಿಗ್ರಿಗೆ ಇಳಿಯಲಿ. ಎಲೆ ಹಾಕಿ ಮೂರು ನಿಮಿಷಕ್ಕೆ ಸೋಸಿ. ಕುದಿಯುವ ನೀರಿನಲ್ಲೇ ಬಿಟ್ಟರೆ ಕಹಿಯೇರುತ್ತದೆ, ಕಹಿಗೆ ಸಕ್ಕರೆ ಬೀಳುತ್ತದೆ. ಮಾಡಿದ ಚಹಾವನ್ನು ಫ್ಲಾಸ್ಕಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಟೆಚಿನ್ ಆಕ್ಸಿಡೀಕರಣಗೊಂಡ ಗುರುತು ಅದು. ಎರಡು ಹನಿ ನಿಂಬೆರಸ ಇದನ್ನು ನಿಧಾನಿಸುತ್ತದೆ.

ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ಸಸ್ಯಾಹಾರದ ಕಬ್ಬಿಣಾಂಶವನ್ನು ಕೆಟೆಚಿನ್ ಹಿಡಿದಿಟ್ಟುಬಿಡುತ್ತದೆ. ಸಂಜೆಯ ನಂತರ ಬೇಡ. ಕೆಫೀನ್ ನಿದ್ದೆ ಕೆಡಿಸುತ್ತದೆ, ದಿನದ ಕಲಿಕೆ ನೆನಪಾಗಿ ಗಟ್ಟಿಗೊಳ್ಳುವುದು ನಿದ್ದೆಯಲ್ಲೇ.

ಹಸಿರು ಚಹಾದ ಸಾರದಿಂದ ಮಾಡಿದ ಮಾತ್ರೆಗಳ ವಿಷಯ ಬೇರೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಪೂರಕವಾಗಿ ತೆಗೆದುಕೊಂಡವರಲ್ಲಿ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು (ಯಕೃತ್ತಿಗೆ ಪೆಟ್ಟು ಬೀಳುತ್ತಿರಬಹುದೆಂಬ ಸೂಚನೆ) ಏರಿದ್ದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎತ್ತಿ ಹೇಳಿದೆ. ರಕ್ತದೊತ್ತಡಕ್ಕೆ ನಾಡೋಲಾಲ್ ಸೇವಿಸುವವರಿಗೆ ಚಹಾವೂ ತೊಂದರೆಯೇ. ಔಷಧಿ ರಕ್ತಕ್ಕೆ ಸೇರುವುದನ್ನೇ ಅದು ತಗ್ಗಿಸುತ್ತದೆ.

ಮರೆವು ಈಗಾಗಲೇ ಕಾಣಿಸಿಕೊಂಡಿದ್ದರೆ ಚಹಾ ಕುಡಿಯುತ್ತ ಕಾಯಬೇಡಿ. ಬಿ12 ಕೊರತೆ, ಥೈರಾಯ್ಡ್ ಹಾರ್ಮೋನ್ ಕುಗ್ಗುವುದು, ಖಿನ್ನತೆ, ಕೆಲವು ನಿದ್ದೆಮಾತ್ರೆಗಳು ಇವೆಲ್ಲ ನೆನಪನ್ನು ಮಂಕಾಗಿಸುತ್ತವೆ, ಬೇಗ ಪತ್ತೆಯಾದರೆ ಸರಿಪಡಿಸಲೂ ಸಾಧ್ಯ. ವೈದ್ಯರ ಬಳಿ ಮೊದಲು ಕೇಳಬೇಕಾದ್ದು ಇವುಗಳ ಪರೀಕ್ಷೆಯನ್ನು.