ಅಂಕಿ-ಅಂಶ ಬರೆದಾಯ್ತು, ಅಂದ್ರೆ? ಪ್ಯಾರಾದಲ್ಲಿ ಪುರಾವೆಯನ್ನು ವಿಶ್ಲೇಷಿಸೋದು ಕಲಿಸುವ ಬಗೆ

(ಪರದೆ ಮೇಲೆ: ಗೆರೆ ಹಾಳೆ, ವಿದ್ಯಾರ್ಥಿಯ ಕೈಬರಹ)

"ಕರ್ನಾಟಕದಲ್ಲಿ ಮಹಿಳೆಯರು ಶಿಕ್ಷಣದಲ್ಲಿ ಬಹಳ ಪ್ರಗತಿ ಸಾಧಿಸಿದ್ದಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಮಹಿಳಾ ಸಾಕ್ಷರತೆ ಶೇ 68.08. ಇದರಿಂದ ಮಹಿಳೆಯರು ಪ್ರಗತಿ ಸಾಧಿಸಿದ್ದಾರೆ ಎಂಬುದು ತಿಳಿದುಬರುತ್ತದೆ. ಆದ್ದರಿಂದ ಇಂದು ಮಹಿಳೆಯರು ಎಲ್ಲಾ ಕ್ಷೇತ್ರಗಳಲ್ಲೂ ಮುಂದಿದ್ದಾರೆ."

ನಿರೂಪಣೆ:
ನಮಸ್ಕಾರ. ಈ ಪ್ಯಾರಾ ವಿಡಿಯೋಗೆ ಅಂತ ನಾವೇ ಬರೆದದ್ದು. ಆದರೆ ಒಂಬತ್ತು, ಹತ್ತನೇ ತರಗತಿಯ ನೋಟ್‌ಬುಕ್ ತಿದ್ದುವ ಮೇಷ್ಟ್ರಿಗೆ, ಮೇಡಂಗೆ ಇದು ಹಳೇ ಪರಿಚಯ. ಅಂಕಿ ಸರಿಯಾಗಿದೆ. ಎಲ್ಲಿಂದ ತಂದದ್ದು ಅಂತಲೂ ಹೇಳಿದೆ. ಕಾಗುಣಿತ ತಪ್ಪಿಲ್ಲ. ಆದರೂ ಓದಿ ಮುಗಿಸಿದ ಮೇಲೆ ಕೈಗೆ ಏನೂ ಸಿಕ್ಕಿರಲ್ಲ.

ಯಾಕೆ ಅಂತ ನೋಡೋಕೆ ಒಂದು ಪೆನ್ಸಿಲ್ ಸಾಕು. ವಾದ ಇರುವ ವಾಕ್ಯದ ಕೆಳಗೆ ನೇರ ಗೆರೆ. ಪುರಾವೆಗೆ ಚೌಕ. ಆ ಪುರಾವೆಯ ಅರ್ಥ ಬಿಡಿಸಿ ಹೇಳುವ ವಾಕ್ಯಕ್ಕೆ ಅಲೆಗೆರೆ.

(ಪರದೆ ಮೇಲೆ: ಮೊದಲ ವಾಕ್ಯಕ್ಕೆ ನೇರ ಗೆರೆ, ಎರಡನೆಯದಕ್ಕೆ ಚೌಕ. ಮೂರನೆಯ ವಾಕ್ಯದ ಹತ್ತಿರ ಪೆನ್ಸಿಲ್ ನಿಲ್ಲುತ್ತದೆ)

ಮೂರನೇ ವಾಕ್ಯಕ್ಕೆ ಅಲೆಗೆರೆ ಹಾಕೋಣ ಅನ್ನಿಸುತ್ತೆ, "ತಿಳಿದುಬರುತ್ತದೆ" ಅಂತ ಇದೆಯಲ್ಲ. ಆದರೆ ಒಂದನೇ ವಾಕ್ಯದ ಪಕ್ಕದಲ್ಲಿಟ್ಟು ಓದಿ. ಅದೇ ಮಾತು, ಬಾಲಕ್ಕೆ ಒಂದು "ತಿಳಿದುಬರುತ್ತದೆ" ಅಂಟಿಸಿದೆ ಅಷ್ಟೇ. ಹಾಗಾಗಿ ಅದಕ್ಕೂ ನೇರ ಗೆರೆ. ನಾಲ್ಕನೆಯದು ಹೊಸದೊಂದು ವಾದ, ಅದಕ್ಕೂ ನೇರ ಗೆರೆ. ಅಲೆಗೆರೆ ಒಂದೂ ಇಲ್ಲ. "ವಿಶ್ಲೇಷಣೆ ಸಾಲದು" ಅಂತ ಕೆಂಪು ಪೆನ್ನಲ್ಲಿ ಬರೆದರೆ ಮಗುವಿಗೆ ಏನೂ ಹೊಳೆಯಲ್ಲ. ಅಲೆಗೆರೆಯೇ ಇಲ್ಲ ಅನ್ನೋದು ಮಾತ್ರ ಅದರ ಕಣ್ಣಿಗೇ ಕಾಣುತ್ತೆ.

ಇನ್ನು ವಿಶ್ಲೇಷಣೆ ಹುಟ್ಟಿಸೋದು ಹೇಗೆ? ನಮ್ಮ ಮಾತಲ್ಲೇ ಅದಕ್ಕೊಂದು ಪ್ರಶ್ನೆ ಇದೆ: "ಅಂದ್ರೆ?" ಯಾರಾದರೂ ಅರ್ಧಂಬರ್ಧ ಹೇಳಿದಾಗ ಮನೆಯಲ್ಲಿ ಕೇಳ್ತೀವಲ್ಲ, ಅದೇ. ಶೇ 68.08. ಅಂದ್ರೆ?

ಮಗು ಇಲ್ಲಿ ಸುಮ್ಮನಾಗುತ್ತೆ. ತಪ್ಪು ಮಗುವಿನದಲ್ಲ. ಒಂಟಿ ಅಂಕಿಗೆ ಬಾಯಿಲ್ಲ, ಪಕ್ಕದಲ್ಲಿ ಇನ್ನೊಂದನ್ನು ಇಡಬೇಕು. ಪ್ರಗತಿ ಅನ್ನುವ ಮಾತಿಗೆ ಕನಿಷ್ಠ ಎರಡು ವರ್ಷದ ಲೆಕ್ಕ ಬೇಕೇ ಬೇಕು.

(ಪರದೆ ಮೇಲೆ: ಕರ್ನಾಟಕದ ಸಾಕ್ಷರತೆ, ಜನಗಣತಿ
2001: ಮಹಿಳೆಯರು 56.87, ಪುರುಷರು 76.10
2011: ಮಹಿಳೆಯರು 68.08, ಪುರುಷರು 82.47)

ಈಗ ಕೇಳಿ, ಅಂದ್ರೆ? ಹತ್ತು ವರ್ಷದಲ್ಲಿ ಮಹಿಳೆಯರದ್ದು 11.21 ಅಂಶ ಏರಿದೆ, ಪುರುಷರದ್ದು 6.37.

ಅಂದ್ರೆ? ಇಬ್ಬರ ನಡುವಿನ ಅಂತರ 19.23ರಿಂದ 14.39ಕ್ಕೆ ಇಳಿದಿದೆ. ಕಿರಿದಾಗಿದೆ, ಮುಚ್ಚಿಲ್ಲ.

ಅಂದ್ರೆ? ಇದನ್ನೇ ತಿರುಗಿಸಿ ಹಿಡಿದರೆ, 2011ರಲ್ಲಿ ನೂರಕ್ಕೆ ಸುಮಾರು 32 ಮಹಿಳೆಯರಿಗೆ ಓದು-ಬರಹ ಬರುತ್ತಿರಲಿಲ್ಲ. ಪುರುಷರಲ್ಲಿ ಸುಮಾರು 18.

ಇನ್ನೊಮ್ಮೆ ಅಂದ್ರೆ? "ಅಂದ್ರೆ ಹೆಣ್ಣುಮಕ್ಕಳು ಎಲ್ಲಾ ಕಡೆ ಕೆಲಸಕ್ಕೆ ಸೇರಿದ್ದಾರೆ." ಅಲ್ಲಿಗೆ ನಿಲ್ಲಿಸಿ. ಕೆಲಸದ ಬಗ್ಗೆ ಈ ನಾಲ್ಕು ಅಂಕಿಗಳಲ್ಲಿ ಒಂದಕ್ಷರವೂ ಇಲ್ಲ. ಮುಂದಿನ "ಅಂದ್ರೆ"ಗೆ ಉತ್ತರ ಕೊಡೋಕೆ ಬೇರೆ ಪುರಾವೆ ಬೇಕಾಯ್ತು ಅಂದರೆ, ವಿಶ್ಲೇಷಣೆ ಹಿಂದಿನ ವಾಕ್ಯದಲ್ಲೇ ಮುಗಿದಿತ್ತು ಅಂತ ಅರ್ಥ. ಸಾಮಾನ್ಯವಾಗಿ ಎರಡು ಮೂರು ಸಲ ಕೇಳೋ ಹೊತ್ತಿಗೆ ಈ ಗಡಿ ಬಂದುಬಿಡುತ್ತೆ.

ಹಾಗೇ ಒಂದು ಸಣ್ಣ ಎಚ್ಚರಿಕೆ. "ಶೇ 11.21ರಷ್ಟು ಹೆಚ್ಚಳ" ಅಂತ ಬರೆಯೋದು ತಪ್ಪು, ಪತ್ರಿಕೆಗಳಲ್ಲೂ ಈ ಎಡವಟ್ಟು ಆಗುತ್ತೆ. 56.87ಕ್ಕೆ 11.21 ಕೂಡಿದೆ, ಆ ಲೆಕ್ಕದಲ್ಲಿ ಹೆಚ್ಚಳ ಶೇ 19.7. ಎರಡು ಶೇಕಡಾಗಳ ನಡುವಿನ ವ್ಯತ್ಯಾಸವನ್ನು "ಶೇಕಡಾವಾರು ಅಂಶ" ಅನ್ನಬೇಕು. ಇಲ್ಲಿ ಗಣಿತದ ಮೇಷ್ಟ್ರನ್ನು ಐದು ನಿಮಿಷ ಕರೆಸಿಕೊಂಡರೂ ನಷ್ಟವಿಲ್ಲ.

(ಪರದೆ ಮೇಲೆ: "ಸಾಕ್ಷರ" ಎಂಬ ಪದ, ಸುತ್ತ ವೃತ್ತ)

ಪುರಾವೆಯಲ್ಲಿರುವ ಪದವನ್ನೂ ಬಿಡಿಸಬೇಕು. ಜನಗಣತಿಯ ಲೆಕ್ಕದಲ್ಲಿ ಸಾಕ್ಷರ ಅಂದರೆ 7 ವರ್ಷ ಅಥವಾ ಅದಕ್ಕಿಂತ ದೊಡ್ಡವರು, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು. ಶಾಲೆಗೆ ಹೋಗಿರಲೇಬೇಕು ಅಂತಿಲ್ಲ. ಪಿಯುಸಿ ಮುಗಿಸಿದವಳೂ ಸಾಕ್ಷರಳೇ, ಅಕ್ಷರ ಕಲಿತು ಓದಿ ಬರೆಯೋ ಅಜ್ಜಿಯೂ ಸಾಕ್ಷರಳೇ. ಹಾಗಾದರೆ "ಶಿಕ್ಷಣದಲ್ಲಿ ಬಹಳ ಪ್ರಗತಿ" ಅನ್ನೋ ವಾದಕ್ಕೆ ಈ ಪುರಾವೆ ಸಾಲದು.

ಇಲ್ಲಿ ಮಕ್ಕಳಿಗೆ ಯಾರೂ ಹೇಳಿಕೊಡದ ಒಂದು ದಾರಿ ಇದೆ: ವಾದವನ್ನೇ ಚಿಕ್ಕದು ಮಾಡಬಹುದು. ಮೊದಲ ವಾಕ್ಯ ಒಮ್ಮೆ ಬರೆದರೆ ಮುಗಿಯಿತು, ಅದನ್ನು ಮುಟ್ಟಬಾರದು ಅಂತ ಅವರು ಅಂದುಕೊಂಡಿರ್ತಾರೆ. ಮುಟ್ಟಲಿ. ಪುರಾವೆ ನೋಡಿದ ಮೇಲೆ ವಾದ ತಿದ್ದಿದ ಮಗುವಿಗೆ ಅರ್ಧ ಮಾರ್ಕ್ಸ್ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

(ಪರದೆ ಮೇಲೆ: ತಿದ್ದಿದ ಪ್ಯಾರಾ)

"ಕರ್ನಾಟಕದಲ್ಲಿ ಸಾಕ್ಷರತೆಯ ಗಂಡು-ಹೆಣ್ಣಿನ ಅಂತರ ಕಡಿಮೆಯಾಗುತ್ತಿದ್ದರೂ ಇನ್ನೂ ದೊಡ್ಡದಾಗಿಯೇ ಇತ್ತು ಎಂದು 2011ರ ಜನಗಣತಿ ತೋರಿಸುತ್ತದೆ. 2001ರಲ್ಲಿ ಶೇ 56.87 ಇದ್ದ ಮಹಿಳಾ ಸಾಕ್ಷರತೆ 2011ರಲ್ಲಿ ಶೇ 68.08ಕ್ಕೆ ಏರಿತು, ಪುರುಷರದ್ದು ಶೇ 76.10ರಿಂದ 82.47ಕ್ಕೆ. ಮಹಿಳೆಯರ ಏರಿಕೆ ಪುರುಷರದ್ದಕ್ಕಿಂತ ವೇಗವಾಗಿದ್ದರಿಂದ ಅಂತರ 19.23 ಅಂಶದಿಂದ 14.39ಕ್ಕೆ ಇಳಿಯಿತು. ಆದರೂ 2011ರ ಮಹಿಳಾ ಸಾಕ್ಷರತೆ, ಪುರುಷರು ಹತ್ತು ವರ್ಷ ಮೊದಲೇ ತಲುಪಿದ್ದ ಮಟ್ಟಕ್ಕಿಂತ ಕೆಳಗಿದೆ."

ಕೊನೆಯ ವಾಕ್ಯ ಗಮನಿಸಿ. 68.08, 76.10. ಎರಡೂ ಅಂಕಿ ಮೊದಲಿಂದ ಪರದೆ ಮೇಲೇ ಇದ್ದವು. ಅಡ್ಡಡ್ಡ ಓದುವಾಗ ಕಾಣದ್ದು ಓರೆಯಾಗಿ ನೋಡಿದಾಗ ಕಂಡಿತು. "ಇಂದು" ಅನ್ನೋ ಪದವೂ ಹೋಗಿದೆ. 2021ರಲ್ಲಿ ಜನಗಣತಿ ನಡೆಯಲಿಲ್ಲ, ಹಾಗಾಗಿ ಇದು 2011ರ ಮಾತು ಅಂತಲೇ ಬರೆಯಬೇಕು.

ತರಗತಿಯಲ್ಲಿ ಮಾಡೋದು ಹೀಗೆ. ನಲವತ್ತು ನಿಮಿಷದ ಪೀರಿಯಡ್ ಅಂದುಕೊಳ್ಳಿ. ಪುರಾವೆ ಹುಡುಕೋ ಕೆಲಸ ಆ ದಿನ ಮಕ್ಕಳಿಗೆ ಬೇಡ, ಹುಡುಕೋದರಲ್ಲೇ ಪೀರಿಯಡ್ ಮುಗಿದುಹೋಗುತ್ತೆ. ನೀವೇ ಒಂದನ್ನು ಬೋರ್ಡ್ ಮೇಲೆ ಬರೆಯಿರಿ. ಮೊದಲ ಹತ್ತು ನಿಮಿಷ ಕೆಟ್ಟ ಪ್ಯಾರಾಕ್ಕೆ ಗೆರೆ ಹಾಕಿಸಿ. ಮುಂದಿನ ಹತ್ತು ನಿಮಿಷ ಇಬ್ಬಿಬ್ಬರು ಜೋಡಿಯಾಗಿ: ಒಬ್ಬರು ಪುರಾವೆ ಓದೋದು, ಇನ್ನೊಬ್ಬರು "ಅಂದ್ರೆ?" ಅಂತ ಕೇಳೋದು, ಬಾಯಿಮಾತಲ್ಲೇ. ಬಾಯಲ್ಲಿ ಬಾರದ್ದು ಬರಹದಲ್ಲಿ ಬರಲ್ಲ. ಧಾರವಾಡದ ಕಡೆ ಮಕ್ಕಳು "ಅಂದ್ರ?" ಅಂತಾರೆ, ಅನ್ನಲಿ. ಆಮೇಲೆ ಹದಿನೈದು ನಿಮಿಷ ಬರವಣಿಗೆ: ವಾದ ಒಂದು ವಾಕ್ಯ, ಪುರಾವೆ ಒಂದು, ವಿಶ್ಲೇಷಣೆ ಕನಿಷ್ಠ ಎರಡು. ಉಳಿದ ಐದು ನಿಮಿಷ ನೋಟ್‌ಬುಕ್ ಅದಲುಬದಲು ಮಾಡಿ ಮತ್ತೆ ಗೆರೆ. ಅಲೆಗೆರೆ ಎಷ್ಟು ಬಿತ್ತು ಅಂತ ಎಣಿಸಿದರೆ ಸಾಕು.

ಇನ್ನೊಂದು, ಒಂದು ವಾರ "ಇದರಿಂದ ತಿಳಿದುಬರುತ್ತದೆ" ಅನ್ನೋದನ್ನು ನಿಷೇಧಿಸಿ. ಈ ಒಂದು ಮಾತು ಎಷ್ಟು ಉತ್ತರಪತ್ರಿಕೆಗಳ ಮಾನ ಮುಚ್ಚಿದೆಯೋ! ಬದಲಿಗೆ ಮೂರು ಕ್ರಿಯಾಪದ ಕೊಡಿ: "ಸುಳಿವು ಕೊಡುತ್ತದೆ", "ತೋರಿಸುತ್ತದೆ", "ಸಾಬೀತುಪಡಿಸುತ್ತದೆ". ಮಕ್ಕಳು ನೇರವಾಗಿ ಮೂರನೆಯದಕ್ಕೆ ಕೈ ಹಾಕ್ತಾರೆ. "ಸಾಬೀತು" ಅನ್ನಬೇಕಾದರೆ ಬೇರೆ ಯಾವ ಕಾರಣವೂ ಉಳಿದಿರಬಾರದು. ಶಾಲಾ ಪ್ಯಾರಾದಲ್ಲಿ ಅಂಥ ಪುರಾವೆ ಸಿಗೋದು ಅಪರೂಪ.

(ಪರದೆ ಮೇಲೆ: ಶಿವನಸಮುದ್ರ, ಕಪ್ಪು-ಬಿಳುಪು ರೇಖಾಚಿತ್ರ)

ಅಂಕಿ ಇಲ್ಲದ ಪುರಾವೆಗೆ ಇತಿಹಾಸದಿಂದ ಒಂದು. "ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ." ತರಗತಿಯನ್ನು ಎರಡು ಪಾಲು ಮಾಡಿ, ಇದೇ ಪುರಾವೆಗೆ ಎರಡು ವಾದ ಕೊಡಿ. ಒಂದು ಪಾಲಿಗೆ: ಮೈಸೂರು ಸಂಸ್ಥಾನ ವಿದ್ಯುತ್ತಿನಲ್ಲಿ ಮುಂಚೂಣಿಯಲ್ಲಿತ್ತು. ಇನ್ನೊಂದಕ್ಕೆ: ವಿದ್ಯುತ್ ಮೊದಲು ಬಂದದ್ದು ಉದ್ಯಮಕ್ಕೆ, ಊರಿನ ಜನರಿಗೆ ಆಮೇಲೆ.

ಮೊದಲ ಪಾಲಿನವರು 1902 ಅನ್ನೋ ವರ್ಷವನ್ನು ಹಿಡೀತಾರೆ. ಆದರೆ ಮುಂಚೂಣಿ ಅನ್ನೋಕೆ ಬೇರೆ ಊರುಗಳ ವರ್ಷವೂ ಬೇಕಲ್ಲ ಅಂತ ಯಾರಾದರೂ ಕೇಳಿಯೇ ಕೇಳ್ತಾರೆ, ಕೇಳದಿದ್ದರೆ ನೀವೇ ಕೇಳಿ. ಎರಡನೇ ಪಾಲಿನವರಿಗೆ ಬೇಕಾದದ್ದು ವರ್ಷವಲ್ಲ, ಕ್ರಮ. ಗಣಿ ಮೊದಲು, ಬೀದಿ ಮೂರು ವರ್ಷ ಆದಮೇಲೆ. ಪುರಾವೆ ಒಂದೇ, ಬೆರಳಿಟ್ಟು ತೋರಿಸುವ ಜಾಗ ಬೇರೆ. ಮೂರನೇ ವಾದವೊಂದನ್ನು ಬೇಕಂತಲೇ ಎಸೆದು ನೋಡಿ: "ವಿದ್ಯುತ್ತಿನಿಂದ ಸಂಸ್ಥಾನದ ಜನರ ಬದುಕೇ ಬದಲಾಯಿತು." ಇದಕ್ಕೆ ಬೆರಳಿಡೋಕೆ ಆ ಎರಡು ವಾಕ್ಯಗಳಲ್ಲಿ ಜಾಗವೇ ಸಿಗಲ್ಲ.

ತಿದ್ದುವಾಗ ಐದು ಅಂಕದ ಪ್ಯಾರಾ ಆದರೆ ವಾದಕ್ಕೆ 1, ಪುರಾವೆಗೆ 1, ಅದರ ವರ್ಷ-ಮೂಲ ಬರೆದದ್ದಕ್ಕೆ ಅರ್ಧ, ವಿಶ್ಲೇಷಣೆಗೆ ಎರಡೂವರೆ. ಪುರಾವೆ ನಾಲ್ಕು ಬರೆದರೂ ಆ ಒಂದು ಅಂಕ ಒಂದೇ. ಇದನ್ನು ಮೊದಲೇ ಬೋರ್ಡ್ ಮೇಲೆ ಬರೆದುಬಿಡಿ. ಇಲ್ಲದಿದ್ದರೆ ಗೈಡ್‌ನಿಂದ ಅಂಕಿ ಹೆಕ್ಕಿ ತುಂಬಿದ ಹಾಳೆ ಹಿಡಿದು "ಸಾರ್, ಇಷ್ಟೊಂದು ಪಾಯಿಂಟ್ಸ್ ಬರೆದಿದೀನಿ, ಯಾಕೆ ಮಾರ್ಕ್ಸ್ ಇಲ್ಲ?" ಅಂತ ಬಂದೇ ಬರ್ತಾರೆ. ಬಂದರೆ ಹಾಳೆ ವಾಪಸ್ ಕೊಟ್ಟು, ಮೊದಲ ಪಾಯಿಂಟ್ ಮೇಲೆ ಬೆರಳಿಟ್ಟು, ಅದೇ ಪ್ರಶ್ನೆ ಕೇಳಿ.